ಗರಗಸದ ಮುಚ್ಚಳವು ದೇವಿಯ ಪ್ರಭಾವಳಿಯಾದ ವೃತ್ತಾಂತ

ಮೊದಲು ಆರೋಪ. ಮರದ ದಿಮ್ಮಿಯನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಲಗೆ ಮಾಡಿಬಿಡುವ ಸರ್ಕಲ್ ಗರಗಸವೊಂದನ್ನು ಶ್ರೀನಿವಾಸಪುರದ ನಮ್ಮ ಶೆಡ್ಡಿಗೆ ತಂದಿಳಿಸಿ, ಅದರ ಹಲ್ಲುಗಳ ಮೇಲೆ ಕೂರಬೇಕಾದ ರಕ್ಷಾಕವಚವನ್ನು ಕೂರಿಸದೆ, ಅದು ಏನೆಂದು ಒಬ್ಬರಿಗೂ ತಿಳಿಸದೆ, ಹುಲ್ಲಿನ ಕಟ್ಟಿನಲ್ಲಿ ಸುತ್ತಿ ಮೂಲೆಯಲ್ಲಿ ಬಿಟ್ಟುಹೋದ ಇಲಾಖೆಯೇ ಮುಂದೆ ನಡೆದ ಎಲ್ಲ ಅನರ್ಥಕ್ಕೂ ಮೊದಲ ಹೊಣೆ. ಎರಡನೆಯ ಹೊಣೆ, ಆ ಯಂತ್ರವನ್ನು ಪರೀಕ್ಷಿಸಲೆಂದು ಬಂದು ಕೈಮುಗಿದು, ಪ್ರಸಾದ ತಿಂದು, ತೃಪ್ತರಾಗಿ ಹಿಂತಿರುಗಿದ ಇನ್‌ಸ್ಪೆಕ್ಟರದು. ಮೂರನೆಯ ಹೊಣೆಗಾರ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ ಒಬ್ಬ ಯುವಕ. ಆತನ ವಿಷಯದಲ್ಲಿ ಯಾವ ದಾಕ್ಷಿಣ್ಯವನ್ನೂ ತೋರಿಸುವ ಅಗತ್ಯ ನನಗಿಲ್ಲ. ಆತ ನಾನೇ.

ಬೆಂಗಳೂರಿನಿಂದ ಪದವಿ ಹಿಡಿದು ಊರಿಗೆ ಮರಳಿದ ನನಗೆ ಕೆಲಸವಿರಲಿಲ್ಲ. ಊರಿನ ಮರಗೆಲಸಗಾರರ ಸಹಕಾರ ಸಂಘಕ್ಕೆ ಕಾರ್ಯದರ್ಶಿ ಇರಲಿಲ್ಲ. ಇಬ್ಬರ ಕೊರತೆಯೂ ಒಟ್ಟಿಗೆ ನೀಗಿತು. ಸಂಘವು ಬೇಸಿಗೆಗೆ ಮುಂಚೆ ಮಾವಿನಕಾಯಿ ತುಂಬುವ ಪೆಟ್ಟಿಗೆಗಳನ್ನೂ, ಉಳಿದ ಕಾಲದಲ್ಲಿ ರೇಷ್ಮೆಹುಳುವಿನ ತಟ್ಟೆ ಜೋಡಿಸುವ ಮರದ ಸ್ಟ್ಯಾಂಡುಗಳನ್ನೂ ತಯಾರಿಸುತ್ತಿತ್ತು. ಕೈಗರಗಸದಲ್ಲಿ ಕೊಯ್ದು ಕೊಯ್ದು ಭುಜ ಜಾರಿದ್ದ ಜನರಿಗೆ ಕರೆಂಟಿನ ಗರಗಸ ಕೊಡಿಸಬೇಕೆಂದು ಸರ್ಕಾರಕ್ಕೆ ಬರೆದವನು ನಾನು. ಸರ್ಕಾರ ಒಪ್ಪಿದಾಗ ನಾನು ಪಟ್ಟ ಹೆಮ್ಮೆಗೆ ಮಿತಿಯಿರಲಿಲ್ಲ. ಆ ಗರಗಸದ ಮುಂದೆ ನಿಲ್ಲುವವರು ಯಾರು ಎಂಬ ಪ್ರಶ್ನೆ ಬಂದಾಗ, ಉತ್ತರ ನಮ್ಮ ಮನೆಯಲ್ಲೇ ಸಿಕ್ಕಿತು.

ನನ್ನ ಅಕ್ಕ ರತ್ನಮ್ಮನ ಗಂಡ, ಮುನಿಶಾಮಪ್ಪ ಭಾವ. ಮಾವಿನ ಸಸಿಗಳಿಗೆ ಕಸಿ ಕಟ್ಟುವುದು ಅವರ ಕೆಲಸ. ಮಳೆ ಬಿದ್ದ ಮೇಲೆ ಸುತ್ತಲಿನ ತೋಟದವರೆಲ್ಲ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಬೆರಳಿನ ತುದಿಯಲ್ಲೇ ತೊಗಟೆಯ ದಪ್ಪ ಅಳೆದು, ಎರಡು ಕಡ್ಡಿಗಳನ್ನು ಒಂದು ಮಾಡಿ ಸುತ್ತಿ ಕಟ್ಟಿದರೆ, ಗಿಡಕ್ಕೇ ತಾನು ಬೇರೆಬೇರೆ ಆಗಿದ್ದುದು ಮರೆತುಹೋಗುತ್ತಿತ್ತು. ಕಸಿಯ ಕಾಲ ಮುಗಿದರೆ ಅವರಿಗೆ ಕೆಲಸವಿಲ್ಲ. ಹೀಗಾಗಿ ಸಂಘಕ್ಕೆ ಬಂದರು. ಅಕ್ಕನ ಸಂಸಾರ ನಿಂತಿದ್ದುದು ಆ ಹತ್ತು ಬೆರಳುಗಳ ಮೇಲೆ ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಇಲಾಖೆ ಇಟ್ಟುಕೊಳ್ಳಲಿಲ್ಲ.

ಯಂತ್ರದ ಜೊತೆ ಎಂಜಿನಿಯರೊಬ್ಬರು ಜೀಪಿನಲ್ಲಿ ಬಂದರು. ಕರೆಂಟು ಕೊಟ್ಟರು. ಒಂದು ಹಲಗೆಯನ್ನು ಸೀಳಿ, "ನೋಡಿದ್ರಾ, ಬೆಣ್ಣೆ" ಎಂದರು. ಕಾಫಿ ಕುಡಿದರು. ಮೂಲೆಯಲ್ಲಿದ್ದ ಹುಲ್ಲಿನ ಕಟ್ಟನ್ನು ತೋರಿಸಿ ಅದೇನೆಂದು ನಾನು ಕೇಳಿದೆ.

"ಅದಾ? ಎಕ್ಸ್‌ಟ್ರಾ ಫಿಟ್ಟಿಂಗು. ಈಗೇನೂ ಬೇಕಾಗಲ್ಲ ಬಿಡಿ."

ಅಷ್ಟು ಹೇಳಿ ಜೀಪು ಹತ್ತಿದರು. ಆ ಜೀಪಿನ ಧೂಳು ಇನ್ನೂ ನನ್ನ ಕಣ್ಣಿನಲ್ಲಿದೆ.

ಕಟ್ಟು ಬಿಚ್ಚಿದ್ದು ಆಯುಧಪೂಜೆಯ ದಿನ. ಒಳಗೆ ಎರಡು ವಸ್ತುಗಳಿದ್ದವು. ಒಂದು, ತುದಿಯಲ್ಲಿ ಕಚ್ಚು ಇದ್ದ ಉದ್ದನೆಯ ಕೋಲು. ಅದು ಮಾವಿನಕಾಯಿ ಕೀಳಲೆಂದೇ ಬಂದದ್ದೆಂದು ಸಂಘದ ಅಧ್ಯಕ್ಷರು ತಕ್ಷಣ ಗುರುತಿಸಿ ತಮ್ಮ ತೋಟಕ್ಕೆ ಒಯ್ದರು. ಬ್ಲೇಡಿನ ಹತ್ತಿರ ಕೈ ಹೋಗದಂತೆ ಹಲಗೆಯನ್ನು ತಳ್ಳಲು ಅದನ್ನು ಕಳಿಸಿದ್ದರೆಂಬುದು ನಮಗೆ ಬಹಳ ತಡವಾಗಿ ತಿಳಿಯಿತು. ಇನ್ನೊಂದು, ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಮ್ಮಿನ ಅರ್ಧಚಂದ್ರ. ಅಂಚಿನುದ್ದಕ್ಕೂ ಜ್ವಾಲೆಗಳ ಹಾಗೆ ಸಾಲು ಸಾಲು ಸೀಳುಗಳು. ಅದನ್ನು ಎತ್ತಿ ಹಿಡಿದ ಅಧ್ಯಕ್ಷರು ಗೋಡೆಯ ಮೇಲಿದ್ದ ಚೌಡೇಶ್ವರಿಯ ಪಟವನ್ನು ನೋಡಿದರು. ಮತ್ತೆ ಕೈಯಲ್ಲಿದ್ದುದನ್ನು ನೋಡಿದರು.

"ಸೆಕ್ರೆಟ್ರಿಗಳೇ, ಅಮ್ಮನಿಗೆ ಪ್ರಭಾವಳಿ ಕಳ್ಸವ್ರೆ ನೋಡ್ರಿ. ಸರ್ಕಾರಕ್ಕೂ ಭಯ ಭಕ್ತಿ ಐತೆ."

ನನಗೂ ಹಾಗೆಯೇ ಕಂಡಿತು. ಪಟದ ನೆತ್ತಿಗೆ ಹಿಡಿದರೆ ಅಳತೆ ಕೊಟ್ಟು ಮಾಡಿಸಿದಂತೆ ಕೂತುಕೊಂಡಿತು. ಸ್ಟೂಲು ಹತ್ತಿ ಮೊಳೆ ಹೊಡೆದವನು ನಾನು. ಇಳಿದು ಬಂದು, ಆಧುನಿಕ ಯಂತ್ರಯುಗವು ಜನಪದ ಶ್ರದ್ಧೆಯೊಂದಿಗೆ ಕೈಕುಲುಕಿದ ಈ ಕ್ಷಣದ ಮಹತ್ವವನ್ನು ಕುರಿತು ಭಾಷಣ ಮಾಡಿದವನೂ ನಾನೇ. ತಪ್ಪು ಎಲ್ಲರದೂ ಒಂದೇ ಆಗಿತ್ತು. ಅದಕ್ಕೆ ಸೊಗಸಾದ ವಾಕ್ಯಗಳನ್ನು ಒದಗಿಸಿದ್ದು ಮಾತ್ರ ವಿಶ್ವವಿದ್ಯಾನಿಲಯ.

ಪೂಜೆಯಾಯಿತು. ಬೂದುಗುಂಬಳಕಾಯಿ ಒಡೆಯಿತು. ಬೋಳು ಗರಗಸಕ್ಕೆ ಮೂರೆಳೆ ವಿಭೂತಿ ಬಿತ್ತು. ಭಾವ ಕೆಲಸ ಶುರು ಮಾಡಿದರು.

ಕೆಲವು ದಿನಗಳಲ್ಲೇ ಒಂದು ಹಲಗೆಯ ತುಂಡು ಗರಗಸದ ಹಿಂಭಾಗಕ್ಕೆ ಕಚ್ಚಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹಾರಿ, ಭಾವನ ಕಿವಿಯ ಪಕ್ಕದಲ್ಲಿ ಹಾದು, ಕುಡಿಯುವ ನೀರಿನ ಮಡಕೆಯನ್ನು ಒಡೆಯಿತು. ಭಾವ ಕಿವಿ ಮುಟ್ಟಿಕೊಂಡು, ಇದೆಯೆಂದು ಖಚಿತಪಡಿಸಿಕೊಂಡು, ಇನ್ನೊಂದು ಮಡಕೆ ತರಲು ಹೇಳಿದರು. ವಿಷಯ ಅಕ್ಕನ ಕಿವಿಗೆ ಬಿದ್ದದ್ದು ಸಂಜೆ.

"ಲೇ ಸೀನ, ಮಡಕೆಗೆ ಬಿದ್ದಿದ್ದು ಇವ್ರ ಮುಖಕ್ಕೆ ಬಿದ್ದಿದ್ರೆ ಏನ್ಲಾ ಗತಿ? ನೀನ್ ತಂದ ಮಿಷಿನ್ ಅಲ್ವಾ ಅದು?"

"ಸರ್ಕಾರ ತಂದಿದ್ದು ಅಕ್ಕ."

"ಸರ್ಕಾರ ನಮ್ಮನೇಲಿ ಕೂತ್ಕೊಂಡು ಮುದ್ದೆ ತಿನ್ನಲ್ಲ. ನೀನು ತಿಂತೀಯ."

ರಾಜ್ಯಶಾಸ್ತ್ರದ ಎಂ.ಎ. ಇನ್ನೊಂದು ತುತ್ತು ಮುದ್ದೆ ಮುರಿದುಕೊಂಡಿತು.

ಪೆಟ್ಟಿಗೆಗೆ ಮೊಳೆ ತರಲೆಂದು ಕೋಲಾರಕ್ಕೆ ಹೋದವನು, ಅಂಗಡಿಯ ಹಿಂದಿನ ಕಾರ್ಖಾನೆಯಲ್ಲಿ ನಮ್ಮದೇ ಯಂತ್ರದ ಅವಳಿಯನ್ನು ಕಂಡೆ. ಅದರ ತಿರುಗುವ ಹಲ್ಲುಗಳ ಮೇಲೆ ಅದೇ ಬೆಳ್ಳಿಯ ಅರ್ಧಚಂದ್ರ ಕೂತಿತ್ತು. ನಾನು ಅಲ್ಲಿದ್ದವನನ್ನು ಕೇಳಿದೆ:

"ಅಲ್ರೀ, ಪ್ರಭಾವಳೀನ ಯಾಕೆ ಗರಗಸದ ಮೇಲೆ ಇಟ್ಟಿದ್ದೀರಿ? ಅಮ್ಮನವರ ಪಟ ಎಲ್ಲಿ?"

ಆತ ಯಂತ್ರ ನಿಲ್ಲಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗಿದ್ದವರನ್ನೆಲ್ಲ ಕರೆದು, "ಇನ್ನೊಂದ್ ಸಲ ಹೇಳಿ ಸ್ವಾಮಿ" ಎಂದ. ನಾನು ಮೊಳೆಯ ಪೊಟ್ಟಣ ಎತ್ತಿಕೊಂಡು ಹೊರಟೆ. ಅವರ ನಗು ಬಸ್‌ಸ್ಟ್ಯಾಂಡಿನವರೆಗೂ ನನ್ನ ಜೊತೆ ಬಂತು. ಊರು ಮುಟ್ಟುವ ಹೊತ್ತಿಗೆ ನನಗೆ ನಗುವಿನ ಅರ್ಥ ಮಾತ್ರವಲ್ಲ, ಮಡಕೆಯ ಅರ್ಥವೂ ಆಗಿತ್ತು.

ಬಸ್ಸಿಳಿದವನು ನೇರವಾಗಿ ಅಧ್ಯಕ್ಷರ ಬಳಿಗೆ ಹೋದೆ. ಅದು ಕವಚ, ಕೈ ಉಳಿಸಲು ಇರುವಂಥದ್ದು, ಈ ಸಂಜೆಯೇ ಇಳಿಸಬೇಕು ಎಂದೆ. ಅವರು ಶಾಂತವಾಗಿ ಕೇಳಿಸಿಕೊಂಡರು.

"ಇರ್ಬೋದು. ಅದು ಏನಾಗಿ ಬಂತೋ ನಮಗೆ ಗೊತ್ತಿಲ್ಲ. ಈಗ ಅಮ್ಮನಿಗೆ ಒಪ್ಪಿಸ್ಬಿಟ್ಟಿದ್ದೀವಿ. ಮುಡಿಗಿಟ್ಟ ಹೂವ ಕಿತ್ಕೊಂಡು ಬೇರೆಯೋರ್ಗೆ ಕೊಡ್ತೀರಾ ನೀವು?"

"ಇದು ಹೂವಲ್ಲ, ಯಜಮಾನ್ರೇ."

"ಮೊಳೆ ಹೊಡೆದವ್ರು ನೀವೇ. ಅವತ್ತು ಒಳ್ಳೆ ಭಾಷಣ ಮಾಡಿದ್ರಿ."

ಅಲ್ಲಿಗೆ ಚರ್ಚೆ ಮುಗಿಯಿತು. ನನ್ನ ಭಾಷಣ ಯಾರಿಗಾದರೂ ನೆನಪಿದ್ದುದು ಅದೇ ಮೊದಲು.

ನಾನು ಸುಮ್ಮನಾಗುವವನಲ್ಲ. ಸುಮ್ಮನಾಗಿದ್ದರೆ ಭಾವನಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅರ್ಚಕರನ್ನು ಕೇಳಿದೆ. ಇದಕ್ಕಿಂತ ಉತ್ತಮವಾದದ್ದನ್ನು ಅಮ್ಮನವರಿಗೆ ಅರ್ಪಿಸಿದರೆ ಹಳೆಯದನ್ನು ಇಳಿಸಲು ಅಡ್ಡಿಯಿಲ್ಲ, ಕಲ್ಲಿನದಾದರೆ ಶ್ರೇಷ್ಠ, ಎಂದರು. ಕಲ್ಲು ಎಂದ ಮೇಲೆ ಮಾಲೂರಿನ ಕಡೆಯ ಶಿವಾರಪಟ್ಟಣವಿದ್ದೇ ಇದೆ. ಹೋದೆ. ಉಳಿಯ ಸದ್ದಿನ ನಡುವೆ ಶಿಲ್ಪಿಯೊಬ್ಬರು ತಲೆಯೆತ್ತಿದರು.

"ವಿಗ್ರಹ ಎಷ್ಟು ಎತ್ತರ?"

"ವಿಗ್ರಹ ಇಲ್ಲ. ಪಟ."

"ಪಟಕ್ಕೆ ಕಲ್ಲಿನ ಪ್ರಭಾವಳಿನಾ? ಅಳತೆ?"

ನಾನು ಗರಗಸದ ಕವಚದ ಅಳತೆಯನ್ನು ಕೊಟ್ಟೆ. ಅದು ದೇವಿಗೆ ಸ್ವಲ್ಪ ಚಿಕ್ಕದಾಯಿತೆಂದು ಅವರೇ ಔದಾರ್ಯದಿಂದ ಹೆಚ್ಚಿಸಿದರು. ಕಲ್ಲಿನ ಪ್ರಭಾವಳಿ ಬಂದಾಗ ಅದನ್ನು ಗಾಡಿಯಿಂದ ಇಳಿಸಲು ಸಂಘದ ಸದಸ್ಯರೆಲ್ಲರೂ ಬೇಕಾದರು. ಗೋಡೆಯ ಇಟ್ಟಿಗೆಯೋ ಮೊಳೆಗೇ ಉದುರುವಂಥದ್ದು. ಹೀಗಾಗಿ ಗೋಡೆಗೆ ಒತ್ತಿ ಒಂದು ಕಟ್ಟೆ ಕಟ್ಟಿ, ಅದರ ಮೇಲೆ ಅದನ್ನು ನಿಲ್ಲಿಸಬೇಕಾಯಿತು. ಯಂತ್ರದ ಸ್ವಿಚ್ಚು ಅದೇ ಗೋಡೆಯಲ್ಲಿತ್ತು, ಈಗ ಕಲ್ಲಿನ ಹಿಂದಾಯಿತು. ಪ್ರತಿಷ್ಠಾಪನೆಯ ಸಂಭ್ರಮದಲ್ಲಿ ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ, ಸ್ವಿಚ್ಚನ್ನು ಬೇರೆಡೆಗೆ ಹಾಕಿಸಲು ಇನ್ನೊಂದು ಅರ್ಜಿ ಬರೆಯಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

"ಈಗ ಹಳೇದನ್ನ ಇಳಿಸೋಣವೇ?" ಎಂದೆ.

ಅಧ್ಯಕ್ಷರು ಎರಡನ್ನೂ ಕಣ್ತುಂಬ ನೋಡಿ ಹೇಳಿದರು: "ಚೆನ್ನಾಗ್ ಕಾಣ್ತದಲ್ಲ. ಹೊರಗಡೆ ಕಲ್ಲಿಂದು, ಒಳಗಡೆ ಬೆಳ್ಳಿಂದು. ಎರಡೂ ಇರ್ಲಿ."

ಎರಡೂ ಇದ್ದವು. ಕಟ್ಟೆ ಬಂದ ಮೇಲೆ ಶೆಡ್ಡು ಗುಡಿಯಾಯಿತು. ಒಳಗೆ ಚಪ್ಪಲಿ ಹಾಕುವಂತಿಲ್ಲವೆಂದು ನಿರ್ಣಯವಾಯಿತು. ಮೊಳೆ, ಚೆಕ್ಕೆ, ಹೊಟ್ಟುಗಳ ಮೇಲೆ ಭಾವ ಬರಿಗಾಲಿನಲ್ಲಿ ನಿಲ್ಲತೊಡಗಿದರು. ಗರಗಸದ ಮೇಲೆ ತೂಗುತ್ತಿದ್ದ ಏಕೈಕ ಬಲ್ಬನ್ನು ದೇವಿಯ ಮುಂದಕ್ಕೆ ಸರಿಸಲಾಯಿತು. ಕಟ್ಟೆಯು ಪಕ್ಕದ ಜಾಗವನ್ನು ನುಂಗಿದ್ದರಿಂದ, ಮೊದಲು ಒಂದು ಪಕ್ಕಕ್ಕೆ ನಿಲ್ಲುತ್ತಿದ್ದ ಭಾವ ಈಗ ಹಲಗೆ ಹಿಂದಕ್ಕೆ ಹಾರುವ ದಾರಿಯಲ್ಲೇ ನೇರವಾಗಿ ನಿಲ್ಲಬೇಕಾಯಿತು. ಸುರಕ್ಷತೆಗಾಗಿ ನಾನು ನಡೆಸಿದ ಹೋರಾಟದ ಮೊದಲ ಹಂತದ ಸಾಧನೆಗಳು ಇವು.

"ಏನಯ್ಯಾ ಬಾಮೈದ," ಎಂದರು ಭಾವ ಪಾದದಿಂದ ಮೊಳೆ ಕೀಳುತ್ತ, "ಇನ್ನೂ ಏನಾದ್ರೂ ಸಹಾಯ ಮಾಡೋದಿದ್ರೆ ಮೊದ್ಲೇ ಹೇಳ್ಬಿಡು. ನಿಮ್ಮಕ್ಕನಿಗೆ ಒಂದ್ ಮಾತು ಹೇಳಿ ಬರ್ತೀನಿ."

ಎರಡನೆಯ ಹಂತವಾಗಿ ನಾನು ಇಲಾಖೆಗೆ ದೂರು ಕೊಟ್ಟೆ. ಬಹಳ ಕಾಲದ ಮೇಲೆ ಇನ್‌ಸ್ಪೆಕ್ಟರು ಬಂದರು. ಬಾಗಿಲಲ್ಲೇ ಬೂಟು ಬಿಚ್ಚಿಸಲಾಯಿತು. ನಾನು ದೂರಿನ ಸಾರಾಂಶವನ್ನು ಶುದ್ಧ ಭಾಷೆಯಲ್ಲಿ ನಿವೇದಿಸಿದೆ. ಅವರು ಅಧ್ಯಕ್ಷರ ಕಡೆ ತಿರುಗಿದರು.

"ಮಿಷಿನ್ ಜೊತೆ ಗಾರ್ಡ್ ಬಂದಿತ್ತೇನ್ರೀ?"

"ಬಂದಿತ್ತು ಸಾರ್."

"ಈಗ ಇದೆಯಾ?"

"ಇದೆ ಸಾರ್, ಅಲ್ಲೇ ಇದೆ."

ಇನ್‌ಸ್ಪೆಕ್ಟರು ಅತ್ತ ನೋಡಿದರು. ಅದರ ಕೆಳಗೆ ದೀಪ, ಹೂವು, ಕುಂಕುಮ. ಅವರ ಕೈಗಳು ತಾವಾಗಿಯೇ ಜೋಡಿಯಾದವು. ತೀರ್ಥ ತೆಗೆದುಕೊಂಡರು. ಪ್ರಸಾದದ ಚರಪು ತಿಂದರು. ಬೂಟಿನ ದಾರ ಕಟ್ಟಿಕೊಳ್ಳುತ್ತ ನನಗೆ ಹೇಳಿದರು:

"ಗಾರ್ಡ್ ಇದೆ, ಶೆಡ್ಡಿನೊಳಗೇ ಇದೆ, ಒಳ್ಳೆ ಕಂಡೀಷನ್ನಲ್ಲೂ ಇದೆ. ಇನ್ನೇನ್ರೀ ನಿಮ್ಮ ಕಂಪ್ಲೇಂಟು?"

"ಅದು ಗರಗಸದ ಮೇಲಿಲ್ಲ ಸಾರ್."

"ಮೇಲೇ ಇದೆಯಲ್ರೀ. ಇನ್ನೂ ಮೇಲೆ ಇದೆ."

ಹೊಸ ಕವಚ ಕಳಿಸಿ ಎಂದು ಬೇಡಿದೆ. ಇರುವ ವಸ್ತುವನ್ನು ಇನ್ನೊಮ್ಮೆ ಕಳಿಸಲು ನಿಯಮದಲ್ಲಿ ಅವಕಾಶವಿಲ್ಲವಂತೆ. ಕಳೆದುಹೋಗಿದ್ದರೆ ಅದರ ಮಾತೇ ಬೇರೆಯಂತೆ. ಕಳೆದುಹೋಗಿಲ್ಲ ಎಂಬುದಕ್ಕೆ ತಾವೇ ಸಾಕ್ಷಿಯಂತೆ. ಸಾಕ್ಷಾತ್ ದರ್ಶನ ಮಾಡಿದವರು.

ಆ ಸಂಜೆ ಅಕ್ಕ ನನಗೆ ಊಟ ಬಡಿಸಿ ಎದುರಿಗೆ ಕೂತಳು. ಈ ಸಲ ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

"ಮಾವಿನ ಕಾಲ ಬರ್ತಾ ಐತೆ ಕಣೋ. ಪೆಟ್ಟಿಗೆ ಕೆಲಸ ಜಾಸ್ತಿ ಆಗ್ತದೆ. ಇವ್ರು ಬೆಳಗಿಂದ ಸಂಜೆಗಂಟ ಅದ್ರ ಮುಂದೆ ನಿಂತಿರ್ತಾರೆ. ದಿನಾ ಮನೆಗ್ ಬಂದ ತಕ್ಷಣ ನಾನು ನೀರು ಕೊಡೋ ನೆಪದಲ್ಲಿ ಬೆರಳು ನೋಡ್ತೀನಿ. ಒಂದು ತಗಡು ಇಳಿಸೋಕ್ಕಾಗಲ್ವೇನೋ ನಿನ್ನ ಎಂ.ಎ.ಗೆ?"

ಆಗ ನಾನು ಇಳಿಸದೆಯೇ ಗೆಲ್ಲುವ ಉಪಾಯ ಹೂಡಿದೆ. ಕವಚವನ್ನು ನಾನೇ ಮಾಡುವುದು. ಗ್ರಂಥಾಲಯದ ಪುಸ್ತಕವೊಂದರ ಚಿತ್ರ ನೋಡಿ, ಮಾವಿನಕಾಯಿ ಪೆಟ್ಟಿಗೆಯ ಹಲಗೆಗಳಿಂದ ಒಂದು ಮುಚ್ಚಳ ಜೋಡಿಸಿ, ಪೆಟ್ಟಿಗೆಯ ಮೊಳೆಗಳಿಂದಲೇ ಬಡಿದು, ಯಂತ್ರದ ಮೇಜಿಗೆ ಕೂರಿಸಿದೆ. ನೋಡಲು ಪೆಟ್ಟಿಗೆಯ ಹಾಗೆಯೇ ಇತ್ತು. ಅದರ ಮೇಲೆ ಸಂಘದ ಮುದ್ರೆಯೂ ಇತ್ತು. ಭಾವ ಅದನ್ನು ಒಂದು ಬೆರಳಿನಿಂದ ಅಲ್ಲಾಡಿಸಿ ನೋಡಿ, ಕೋಪ ಅಥವಾ ಕನಿಕರ ಬಂದಾಗ ಮಾತ್ರ ಬಳಸುವ ತೆಲುಗಿನಲ್ಲಿ, "ಸರಿಪೋಯಿಂದಿ", ಅಂದರೆ ಸರಿಹೋಯ್ತು, ಎಂದರು.

ಯಂತ್ರ ಸುರಕ್ಷತೆಯ ಪ್ರಾತ್ಯಕ್ಷಿಕೆ ಎಂಬ ಹೆಸರಿನಲ್ಲಿ ಸಭೆ ಕರೆದೆ. ನಮ್ಮ ಸೀಮೆಯಲ್ಲಿ ಸಭೆಯೆಂದರೆ ಮಾತನಾಡುವವನಿಗೆ ಶಾಲು ಹೊದಿಸದೆ ಬಿಡುವ ಪದ್ಧತಿಯಿಲ್ಲ. ಅಧ್ಯಕ್ಷರು ನನಗೆ ಜರಿಯಂಚಿನ ಶಾಲು ಹೊದಿಸಿ, ಮೊಣಕಾಲು ಮುಟ್ಟುವ ಸೇವಂತಿಗೆ ಹಾರ ಹಾಕಿದರು. ಸ್ವಿಚ್ಚು ಒತ್ತಲು ಒಬ್ಬ ಸದಸ್ಯ ಕಟ್ಟೆಯ ಮುಂದೆ ಅಡ್ಡಬಿದ್ದು, ಪಕ್ಕದಿಂದ ಕೈ ತೂರಿಸಿದ. ಗರಗಸ ಗುಡುಗಿತು. ನಾನು ಧ್ವನಿ ಏರಿಸಿದೆ.

"ಯಂತ್ರದ ಮುಂದೆ ನಿಲ್ಲುವವನು ಪಾಲಿಸಬೇಕಾದ ಮೊದಲ ನಿಯಮವೆಂದರೆ, ಸಡಿಲವಾದ ಯಾವ ಬಟ್ಟೆಯೂ ಮೈಮೇಲೆ ಇರಕೂಡದು."

"ಬಾಮೈದ, ಶಾಲು," ಎಂದರು ಭಾವ.

"ಸಭಾ ಮರ್ಯಾದೆ ಇರುತ್ತೆ ಭಾವ. ಭಾಷಣ ಮುಗೀಲಿ."

"ಎರಡನೆಯ ನಿಯಮ, ಕೈ ಎಂದೂ ಅಲಗಿನ ನೇರಕ್ಕೆ ಬರಕೂಡದು," ಎನ್ನುತ್ತ ಹಲಗೆಯನ್ನು ಮುಂದಕ್ಕೆ ತಳ್ಳಿದೆ. ಯಂತ್ರದ ನಡುಕಕ್ಕೆ ನನ್ನ ಮುಚ್ಚಳದ ಮೊಳೆಗಳು ಒಂದೊಂದಾಗಿ ಎದ್ದು ನಿಂತವು. ಮುಚ್ಚಳವು ಓರೆಯಾಗಿ ಅಲಗಿಗೆ ತಾಗಿ ಸಿಡಿಯಿತು. ಅದನ್ನು ಹಿಡಿಯಲು ನಾನು ಬಾಗಿದೆ. ಹಾರ ಬಾಗಿತು. ಶಾಲಿನ ಜರಿಯಂಚು ಎಲ್ಲರಿಗಿಂತ ಮೊದಲು ಅಲಗನ್ನು ತಲುಪಿತು. ಮೊದಲ ನಿಯಮ ಎರಡನೆಯ ನಿಯಮವನ್ನು ತನ್ನ ಹಿಂದೆ ಎಳೆದುಕೊಂಡು ಹೋಯಿತು.

ಭಾವ ಸ್ವಿಚ್ಚಿನ ಕಡೆ ನೆಗೆದರು. ಅಲ್ಲಿ ನಾನು ತರಿಸಿದ ಕಲ್ಲಿನ ಪ್ರಭಾವಳಿ ನಿಂತಿತ್ತು. ಕಟ್ಟೆ ಹತ್ತಿ, ಎದೆಯನ್ನು ಕಲ್ಲಿಗೆ ಒತ್ತಿ, ಕಮಾನಿನೊಳಗೆ ತೋಳು ತೂರಿಸಿ ಸ್ವಿಚ್ಚು ಆರಿಸಿದರು. ಸ್ವಿಚ್ಚು ಆರಿದ ಮೇಲೂ ಅಲಗು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಇದು ನನ್ನ ಭಾಷಣದ ಮೂರನೆಯ ಅಂಶವಾಗಿತ್ತು.

ನನ್ನ ಎಡಗೈ ತೋರುಬೆರಳಿನ ಮೇಲಿನ ಗೆಣ್ಣು ಹೋಯಿತು. ಶೆಡ್ಡಿನ ತುಂಬ ಸೇವಂತಿಗೆಯ ಎಸಳುಗಳು ಉದುರುತ್ತಿದ್ದವು. ನೋಡಿದವರು ಪುಷ್ಪವೃಷ್ಟಿ ಎಂದುಕೊಳ್ಳುವ ಹಾಗಿತ್ತು. ಪೆಟ್ಟಿಗೆ ಸಾಗಿಸುವ ಟೆಂಪೋದಲ್ಲಿ ನನ್ನನ್ನು ಕೋಲಾರದ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಭಾವ ನನ್ನ ಕೈಯನ್ನು ಶಾಲಿನ ಉಳಿದ ಭಾಗದಲ್ಲಿ ಸುತ್ತಿ, ಕಸಿ ಕಟ್ಟಿದ ಹಾಗೆ ಬಿಗಿಯಾಗಿ ಹಿಡಿದುಕೊಂಡಿದ್ದರು.

"ಭಾವ, ನಿಮ್ಮ ಕೈಗೇನೂ ಆಗಿಲ್ವಾ?"

"ಇಲ್ಲ. ಅದಕ್ಕೇ ನಿನ್ನ ಮೇಲೆ ಕೋಪ ಮಾಡ್ಕೊಳ್ಳೋಕೂ ಆಗ್ತಿಲ್ಲ. ಮಾತಾಡ್ಬೇಡ, ಸುಮ್ನಿರು."

ಆಸ್ಪತ್ರೆಗೆ ಬಂದ ಅಕ್ಕ ಮೊದಲು ಭಾವನ ಎರಡೂ ಕೈಗಳನ್ನು ತಿರುಗಿಸಿ ನೋಡಿದಳು. ಆಮೇಲೆ ನನ್ನ ಹಾಸಿಗೆಯ ಪಕ್ಕ ಕೂತು ಅತ್ತಳು. ಅತ್ತು ಮುಗಿದ ಮೇಲೆ, "ತಗಡು ಇಳೀತೇನೋ?" ಎಂದು ಕೇಳಿದಳು.

ಇಳಿಯಲಿಲ್ಲ. ಇನ್ನು ಇಳಿಯುವ ಹಾಗೂ ಇಲ್ಲ. ಅಮ್ಮನ ಪ್ರಭಾವಳಿಗೆ ಕಣ್ಣು ಹಾಕಿದ್ದಕ್ಕೆ ಅಮ್ಮ ಬೆರಳು ತೆಗೆದುಕೊಂಡಳೆಂದು ಊರು ತೀರ್ಮಾನಿಸಿದೆ. ಬೆರಳು ತೋರಿಸಿ ಮಾತಾಡುತ್ತಿದ್ದವನ ತೋರುಬೆರಳೇ ಹೋದದ್ದು ಅವರಿಗೆ ಸಣ್ಣ ಸಾಕ್ಷಿಯಲ್ಲ. ಈಗ ತಾಯಲೂರಿನ ಕಡೆಯಿಂದಲೂ ಜನ ಬಂದು ಶೆಡ್ಡಿನಲ್ಲಿ ಕಾಯಿ ಒಡೆಸುತ್ತಾರೆ. ನಾನು ಕಂಡರೆ ಮಕ್ಕಳಿಗೆ ನನ್ನ ಕೈಯನ್ನು ತೋರಿಸುತ್ತಾರೆ. ಕಟ್ಟೆ ತುಳಿದದ್ದಕ್ಕೆ ಭಾವನಿಂದ ತಪ್ಪುಕಾಣಿಕೆ ಹಾಕಿಸಿಕೊಂಡರು. ಇನ್‌ಸ್ಪೆಕ್ಟರು ಮತ್ತೊಮ್ಮೆ ಬಂದು, ಮತ್ತೊಮ್ಮೆ ಕೈಮುಗಿದು, ಅನಧಿಕೃತ ಮುಚ್ಚಳವನ್ನು ಅಳವಡಿಸಿದ ಕಾರ್ಯದರ್ಶಿಯ ಅಜಾಗರೂಕತೆಯೇ ಅಪಘಾತಕ್ಕೆ ಕಾರಣವೆಂದು ವರದಿ ಮಾಡಿದರು. ಆ ವರದಿಯಲ್ಲಿ ಸುಳ್ಳು ಒಂದೂ ಇಲ್ಲ. ಅದೇ ನನ್ನನ್ನು ಹೆಚ್ಚು ಸುಡುತ್ತಿರುವುದು.

ಮಾವಿನ ಕಾಲ ಬಂದಿದೆ. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೆ ನನ್ನ ಭಾವ ಬರಿಗಾಲಿನಲ್ಲಿ, ಮಂಕು ಬೆಳಕಿನಲ್ಲಿ, ಬೋಳು ಗರಗಸದ ನೇರಕ್ಕೆ ನಿಂತು ಪೆಟ್ಟಿಗೆಗೆ ಹಲಗೆ ಸೀಳುತ್ತಿದ್ದಾರೆ. ಅವರ ಹತ್ತು ಬೆರಳುಗಳೂ ಈ ಸಾಲಿನವರೆಗೆ ಇವೆ.

ಆದ್ದರಿಂದ ಸಂಬಂಧಪಟ್ಟ ಇಲಾಖೆಯವರಲ್ಲಿ ಕೇಳುತ್ತೇನೆ. ರಕ್ಷಾಕವಚವನ್ನು ಎಕ್ಸ್‌ಟ್ರಾ ಫಿಟ್ಟಿಂಗು ಎಂದು ಕರೆಯುವ ಅಧಿಕಾರವನ್ನು ನಿಮ್ಮ ಎಂಜಿನಿಯರಿಗೆ ಕೊಟ್ಟವರು ಯಾರು? ಗೋಡೆಯ ಮೇಲಿನ ಕವಚ ಗರಗಸದ ಮುಂದಿನ ಕೈಯನ್ನು ಹೇಗೆ ಕಾಯುತ್ತದೆಂದು ನಿಮ್ಮ ಇನ್‌ಸ್ಪೆಕ್ಟರು ವಿವರಿಸಬಲ್ಲರೇ? ಈ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಕೊಡಬೇಕೆಂದೂ, ಸ್ವಿಚ್ಚನ್ನು ಕೆಲಸಗಾರನ ಕೈಗೆಟುಕುವಲ್ಲಿಗೆ ಸ್ಥಳಾಂತರಿಸಬೇಕೆಂದೂ, ನಮ್ಮ ಶೆಡ್ಡಿಗೆ ಹೊಸದೊಂದು ಕವಚವನ್ನು ಒಡನೆಯೇ ಮಂಜೂರು ಮಾಡಿ, ಅದನ್ನು ಬಿಗಿಯಾಗಿ ಕೂರಿಸಿದ ಮೇಲೆಯೇ ನಿಮ್ಮ ಎಂಜಿನಿಯರು ಕಾಫಿ ಕುಡಿಯಬೇಕೆಂದೂ ಒತ್ತಾಯಿಸುತ್ತೇನೆ.

ಕೊನೆಯದಾಗಿ ಒಂದು ವಿನಂತಿ. ಹೊಸ ಕವಚವು ಅರ್ಧಚಂದ್ರಾಕಾರದಲ್ಲಿ ಇರುವುದು ಬೇಡ. ಹೊಳೆಯುವುದು ಬೇಡ. ಅಂಚಿನಲ್ಲಿ ಸೀಳುಗಳ ಅಲಂಕಾರ ಬೇಡವೇ ಬೇಡ. ಚೌಕವಾಗಿ, ಕಪ್ಪಗೆ, ನಿಮ್ಮ ಇಲಾಖೆಯಿಂದ ಸಾಧ್ಯವಾದಷ್ಟೂ ಕುರೂಪವಾಗಿ ಇರಲಿ. ಯಾವ ದೇವರಿಗೂ ಅದನ್ನು ಒಪ್ಪಿಸುವ ಮನಸ್ಸು ನಮಗೆ ಬರಬಾರದು. ಅದರಲ್ಲೂ ಸ್ಟೂಲಿನ ಪಕ್ಕದಲ್ಲೇ ನಿಂತಿರುವ, ಭಾಷಣಕ್ಕೆ ಈಗಲೂ ಸಿದ್ಧನಾಗಿರುವ ಈ ಕಾರ್ಯದರ್ಶಿಗೆ.